ಯಂತ್ರದೊಳಗಿನ ಮರ ಮತ್ತು ಕತ್ತರಿಯ ಹೊಣೆ

ಹಣ್ಣಿನ ಮರವನ್ನು ಸವರಲು ಕೈಯೆತ್ತಿದ ತೋಟಗಾರನಿಗೆ, ಈ ಕೊಂಬೆಯನ್ನು ಕಡಿದರೆ ಮುಂದೇನಾದೀತೆಂಬುದು ಪೂರ್ಣವಾಗಿ ತಿಳಿದಿರುವುದಿಲ್ಲ. ತಿಳಿಯುವ ಹೊತ್ತಿಗೆ ಒಂದೆರಡು ವರ್ಷಗಳು ಕಳೆದಿರುತ್ತವೆ. ಹೀಗೆ ಫಲವನ್ನು ಅರಿಯದೆಯೇ ಮಾಡಬೇಕಾದ ಕಾರ್ಯಕ್ಕೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆಗಾರನು? ವಾಚಕರೇ, ನೀತಿವಿಚಾರದಲ್ಲಿ ಬಹು ಹಳೆಯದಾದ ಈ ಪ್ರಶ್ನೆಯನ್ನು ಗಣಕಯಂತ್ರವು ಹೊಸ ರೂಪದಲ್ಲಿ ನಮ್ಮೆದುರಿಗಿಟ್ಟಿದೆ.

ಹಂಗೇರಿಯಲ್ಲಿ ಜನಿಸಿದ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮಾಯರ್ 1968ರಲ್ಲಿ ಸಸ್ಯದ ಬೆಳವಣಿಗೆಯನ್ನು ಕೆಲವೇ ನಿಯಮಗಳಲ್ಲಿ ಬರೆಯುವ ಕ್ರಮವೊಂದನ್ನು ಕಂಡುಹಿಡಿದರು. ಪ್ರತಿ ಹಂತದಲ್ಲಿಯೂ ಒಂದೊಂದು ಭಾಗವು ತನ್ನ ಸ್ಥಾನದಲ್ಲಿ ಹೊಸ ಭಾಗಗಳನ್ನು ತಳೆಯುತ್ತದೆ. ಮೊಗ್ಗು ಚಿಗುರಾಗುತ್ತದೆ, ಚಿಗುರು ಕವಲೊಡೆಯುತ್ತದೆ. ಇದೇ ಕ್ರಮವನ್ನು ಆಧರಿಸಿ ಅಲೆನ್, ಪ್ರುಸಿಂಕಿವಿಚ್, ಡಿಜಾಂಗ್ ಎಂಬ ವಿಜ್ಞಾನಿಗಳು 2005ರಲ್ಲಿ ಪೀಚ್ ಮರದ ಮಾದರಿಯೊಂದನ್ನು ಪ್ರಕಟಿಸಿದರು. ಅದರ ಹೆಸರು ಎಲ್-ಪೀಚ್. ಎಲೆಗಳು ಬಿಸಿಲಿನಲ್ಲಿ ಆಹಾರವನ್ನು ಸಿದ್ಧಪಡಿಸುತ್ತವೆ. ಕಾಯಿ, ಚಿಗುರು, ಕಾಂಡ, ಬೇರುಗಳು ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಅದನ್ನು ಸೆಳೆಯುತ್ತವೆ. ವಿದ್ಯುತ್ತು ತಂತಿಯ ಜಾಲದಲ್ಲಿ ಹರಿಯುವ ಬಗೆಯಲ್ಲಿಯೇ ಈ ಹರಿವಿನ ಲೆಕ್ಕ ನಡೆಯುತ್ತದೆ. ಮೇಲೆ ಕುಳಿತು ಹಂಚಿಕೊಡುವ ಯಜಮಾನನು ಅಲ್ಲಿಲ್ಲ. ಮರವು ಪರರಿಗಾಗಿಯೇ ಫಲ ನೀಡುತ್ತದೆಂಬ ಸುಭಾಷಿತಕ್ಕೆ ಒಗ್ಗಿದ ನಮಗೆ ಇದು ತುಸು ಶುಷ್ಕವೆನಿಸೀತು. ಅದರಿಂದ ಮರದ ಹಿರಿಮೆ ಕುಂದಿತೆಂದು ಮಾತ್ರ ನನಗೆ ತೋರುವುದಿಲ್ಲ.

ಎಳೆಗಾಯಿಗಳಲ್ಲಿ ಕೆಲವನ್ನು ಕಿತ್ತರೆ ಉಳಿದವು ದಪ್ಪವಾಗುತ್ತವೆ. ಮಿತಿಮೀರಿ ಕಿತ್ತರೆ ಒಟ್ಟು ಫಸಲು ಕುಗ್ಗುತ್ತದೆ. ಎಷ್ಟು ಕಿತ್ತರೆ ಏನಾದೀತೆಂಬುದನ್ನು ಯಂತ್ರದೊಳಗಿನ ಮರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಬಹುದು. ತಪ್ಪಾಗಿ ಕಡಿದರೆ ಅಳಿಸಿ ಮೊದಲಿನಿಂದ ಬೆಳೆಸಬಹುದು. ನಷ್ಟದ ಭಯವಿಲ್ಲದೆ ಕಲಿತ ಕೈ ಅಜಾಗರೂಕವಾಗುವುದೆಂದು ಆಕ್ಷೇಪಿಸುವವರುಂಟು. ಈ ಆಕ್ಷೇಪವನ್ನು ನಾನು ಒಪ್ಪಲಾರೆ. ಜೀವಂತ ಮರಕ್ಕೂ ಅದನ್ನು ನಂಬಿದ ಸಂಸಾರಕ್ಕೂ ಕೇಡಾಗದಂತೆ ಕಲಿಯುವುದು ದಯೆಗೆ ವಿರೋಧವಾದುದೇನೂ ಅಲ್ಲ.

ಅಪಾಯವಿರುವುದು ಬೇರೆಡೆ. “ಯಂತ್ರವು ಹೀಗೆ ಹೇಳಿತು” ಎಂದು ನುಡಿಯುವಾಗ, ಹೇಳಿದವರು ಮನುಷ್ಯರೇ ಎಂಬುದನ್ನು ನಾವು ಮರೆಯುತ್ತೇವೆ. ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕೆಂದು ನಿಶ್ಚಯಿಸಿದವರು ಅವರು. ಆ ಪೀಚ್ ಮಾದರಿಯಲ್ಲಿ ಕೊಂಬೆ ಕೊಂಬೆಗೂ ಪ್ರತ್ಯೇಕ ಲೆಕ್ಕವುಂಟು. ನೆಲದೊಳಗಿನ ಬೇರಿನ ಜಾಲವೆಲ್ಲ ಸೇರಿ ಒಂದೇ ಘಟಕ. ಲೆಕ್ಕದ ಸೌಕರ್ಯಕ್ಕೆ ಇದು ಸಲ್ಲುವ ಮಾತೇ. ಆದರೆ ಮಣ್ಣಿನ ಸ್ವಭಾವವನ್ನು ಮೊದಲು ನೋಡುವ ನಮ್ಮ ರೈತನಿಗೆ ಇದನ್ನು ತಿಳಿಸದೆ ಸಲಹೆ ಕೊಟ್ಟರೆ ಅದು ನ್ಯಾಯವೆ? ಪೀಚಿನ ಲೆಕ್ಕವನ್ನು ಇದ್ದಂತೆಯೇ ಮಾವಿಗೆ ಹಚ್ಚುವಂತೆಯೂ ಇಲ್ಲ. ಮಾವಿನ ಹಲವು ತಳಿಗಳು ಒಂದು ವರ್ಷ ತುಂಬಿ ಫಲಿಸಿ ಮರುವರ್ಷ ಬರಿದಾಗಿ ನಿಲ್ಲುತ್ತವೆ.

ಸಲಹೆ ತಪ್ಪಾದರೆ ಸಾಲ ಉಳಿಯುವುದು ಬೆಳೆಗಾರನ ತಲೆಯ ಮೇಲೆ. ಆದುದರಿಂದ, ತನ್ನ ಮಾದರಿ ಏನನ್ನು ಗಣಿಸಿಲ್ಲವೆಂಬುದನ್ನು ಮೊದಲು ತಿಳಿಸಿ, “ಇಡೀ ತೋಟಕ್ಕೆ ಕತ್ತರಿಯಿಡಬೇಡಿ, ಒಂದು ಸಾಲಿನಲ್ಲಿ ಮಾಡಿ, ಎರಡು ಫಸಲು ಕಾದು ನೋಡಿ” ಎನ್ನುವವನ ಮಾತಿಗೆ ನೀವು ಕಿವಿಗೊಡಬಹುದು. ಆ ಎರಡು ಫಸಲಿನ ಕಾಲದಲ್ಲಿ ಅವನು ಒಮ್ಮೆಯಾದರೂ ತೋಟಕ್ಕೆ ಬಂದು ಹೋದನೇ ಎಂಬುದನ್ನೂ ಗಮನಿಸಿರಿ.