ತನಗಾಗಿ ಒಂದು ಗಳಿಗೆ

ದುಡಿಮೆ ಮತ್ತು ಎಳೆಯ ಮಕ್ಕಳ ಪಾಲನೆ ಇವೆರಡರ ನಡುವೆ ತನಗೆಂದು ಒಂದು ಗಳಿಗೆಯನ್ನು ಬಯಸುವುದು ಸ್ವಾರ್ಥವೇ? ಮುಂಬಯಿಯಲ್ಲಿ ನೌಕರಿಗೆ ಹೋಗುವ ತಾಯಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ; ಲೋಕಲ್ ಗಾಡಿಯಲ್ಲಿ ಹೇಗೋ ಉತ್ತರ ಕಂಡುಕೊಂಡಿದ್ದಾಳೆ. ಚರ್ಚ್‌ಗೇಟ್-ಬೋರಿವಲಿಗಳ ನಡುವೆ 1992ರಲ್ಲಿ ಮಹಿಳೆಯರಿಗೇ ಮೀಸಲಾದ ಗಾಡಿ ಆರಂಭವಾಯಿತು. ಮಹಿಳೆಯರ ಡಬ್ಬಿಯಲ್ಲಿ ಸಂಜೆ ಮೆಂತ್ಯದ ಸೊಪ್ಪು ಬಿಡಿಸುವವಳೇ ಬೆಳಿಗ್ಗೆ ಕಣ್ಮುಚ್ಚಿ ಲಲಿತಾ ಸಹಸ್ರನಾಮ ಪಠಿಸುತ್ತಾಳೆ. ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಕಚೇರಿ ಮುಟ್ಟುವವರೆಗಿನ ಆ ತಾಸೇ ಆಕೆಯ ದೇವರಮನೆ. ಕುಳಿತುಕೊಳ್ಳಲು ಸ್ಥಳ ದೊರೆತರೆ, ಅಷ್ಟೆ!

ಆಯ್ದಕ್ಕಿ ಲಕ್ಕಮ್ಮನ ಕಥೆ ಸರ್ವವಿದಿತ. ಪತಿ ಮಾರಯ್ಯನು ಅಲ್ಲಮಪ್ರಭುವಿನೊಡನೆ ಅನುಭಾವದಲ್ಲಿ ಮೈಮರೆತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವಳು ಆಕೆ. ಅಗತ್ಯಕ್ಕೆ ಮೀರಿ ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬರುವಂತೆ ಕಳುಹಿದವಳೂ ಆಕೆಯೇ. ದುಡಿಮೆಗೂ ಮಿತಿಯುಂಟೆಂಬ ಈ ಎರಡನೆಯ ಮಾತನ್ನು ಓವರ್‌ಟೈಮಿನ ನಗರ ಮರೆತಿದೆ. ಗೀತೆಯ ಆರನೆಯ ಅಧ್ಯಾಯವಾದರೂ ಆಹಾರ, ವಿಹಾರ, ಕರ್ಮ, ನಿದ್ರೆ ಎಲ್ಲವೂ ಹಿತಮಿತವಾಗಿರಬೇಕೆನ್ನುತ್ತದೆ. ವಿಹಾರವನ್ನು ಕರ್ಮದಿಂದ ಕದ್ದ ವಸ್ತುವೆಂದು ಎಣಿಸುವುದಿಲ್ಲ.

ಆದರೆ ಮನೆಯಲ್ಲಿ ಕಾಲದ ಹಂಚಿಕೆ ಬೇರೆಯೇ ಬಗೆಯದು. ಪತಿಯು ಸಂಜೆ ಅರ್ಧ ತಾಸು ನಿಶ್ಚಿಂತೆಯಿಂದ ಜಪಕ್ಕೆ ಕುಳಿತಿರುವಾಗ, ಅಳುವ ಕೂಸನ್ನು ಸೊಂಟದಲ್ಲಿ ಹೊತ್ತು ಒಲೆಯ ಮುಂದೆ ನಿಂತಿರುವವಳು ಪತ್ನಿ. ಆತನ ಏಕಾಂತವು ಯಾರ ಪಾಲಿನ ಕಾಲದಿಂದ ಬಂದುದು? ಆತನಿಗೆ ಅದು ಭಕ್ತಿ. ಆಕೆ ಅದನ್ನೇ ಬಯಸಿದರೆ ಮನೆಯ ಉಪೇಕ್ಷೆ! ಅಷ್ಟು ಹೊತ್ತು ಕೂಸನ್ನು ಎತ್ತಿಕೊಳ್ಳುವ ಕೈಯೊಂದು ಮನೆಯಲ್ಲಿದ್ದಿದ್ದರೆ, ಆಕೆಯ ಸಹಸ್ರನಾಮ ಅಂಧೇರಿಯ ನೂಕುನುಗ್ಗಲಿನಲ್ಲಿ ಅರ್ಧಕ್ಕೆ ನಿಲ್ಲಬೇಕಿರಲಿಲ್ಲ.