ಹಿಂದೆ ನಿಂತವರ ಪಾಲು

ನಾವು ದುಡ್ಡು ಕೊಟ್ಟು ತಂದ ವಸ್ತುವಿನಲ್ಲಿ ನಮಗೆ ಯಾವ ಉಪಯೋಗಕ್ಕೂ ಬಾರದ ಭಾಗವೊಂದು ಇರುತ್ತದೆ ಎಂದರೆ ನಂಬುವುದು ಕಷ್ಟ. ಒಲೆ ತಂದರೆ ಉರಿ ನಮ್ಮದು. ಫ್ರಿಜ್ ತಂದರೆ ತಂಪು ನಮ್ಮದು. ಮಿಕ್ಸಿಯ ಸದ್ದು ಪಕ್ಕದ ಮನೆಗೆ ಕೇಳಿಸಿದರೂ ಚಟ್ನಿ ನಮ್ಮದೇ. ಆದರೆ ಪೆಟ್ರೋಲ್ ಕಾರಿನ ಹೊಟ್ಟೆಯ ಕೆಳಗೆ, ಎಂಜಿನ್ನಿಗೂ ಹಿಂದಿನ ಸೈಲೆನ್ಸರ್ ಡಬ್ಬಿಗೂ ನಡುವೆ, ಹೊಗೆಯ ಕೊಳವೆಯಲ್ಲಿ ಒಂದು ಕಡೆ ಉಬ್ಬಿದಂತೆ ಕಾಣುವ ಉಕ್ಕಿನ ಗೂಡೊಂದಿದೆ. ಅದರಿಂದ ಕಾರು ಜೋರಾಗಿ ಓಡುವುದಿಲ್ಲ, ಪೆಟ್ರೋಲ್ ಉಳಿಯುವುದಿಲ್ಲ, ಒಳಗೆ ಕುಳಿತವರಿಗೆ ಸುಖ ಹೆಚ್ಚುವುದೂ ಇಲ್ಲ. ಅದು ಇರುವುದೇ ಕಾರಿನ ಹಿಂದೆ ನಿಂತವರಿಗಾಗಿ.

ಕೆಟಲಿಟಿಕ್ ಕನ್ವರ್ಟರ್ ಎಂದು ಅದರ ಹೆಸರು. ಗ್ಯಾರೇಜಿನ ಹುಡುಗರ ಬಾಯಲ್ಲಿ ಬರೀ ‘ಕ್ಯಾಟ್’. ಒಳಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕಿಂಡಿಗಳಿರುವ ಪಿಂಗಾಣಿಯ ಗಟ್ಟಿ. ಆ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪ. ಎಂಜಿನ್ನಿನಿಂದ ಬರುವ ಹೊಗೆಯಲ್ಲಿ ಮುಖ್ಯವಾಗಿ ಮೂರು ಕೆಟ್ಟವು: ಬಣ್ಣವೂ ವಾಸನೆಯೂ ಇಲ್ಲದೆ ರಕ್ತಕ್ಕೆ ಸೇರಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುವ ಕಾರ್ಬನ್ ಮಾನಾಕ್ಸೈಡ್, ಅರೆಬೆಂದ ಪೆಟ್ರೋಲಿನ ಆವಿ, ಮತ್ತು ಎಳೆಯ ಶ್ವಾಸಕೋಶಗಳನ್ನು ಕೆರಳಿಸುವ ನೈಟ್ರೋಜನ್ ಆಕ್ಸೈಡ್‌ಗಳು. ಹೊಗೆಯು ಕಾದ ಕಿಂಡಿಗಳನ್ನು ಹಾದು ಬರುವಾಗ ಇವುಗಳಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ನೈಟ್ರೋಜನ್ ಆಗಿ ಬದಲಾಗುತ್ತವೆ. ಲೋಹ ಮಾತ್ರ ಖರ್ಚಾಗುವುದಿಲ್ಲ. ಹೈಸ್ಕೂಲಿನಲ್ಲಿ ಕ್ರಿಯಾವರ್ಧಕ ಎಂದು ಓದಿದ್ದೆವಲ್ಲ, ಅದೇ ಇದು. ಎರಡು ಮನೆಗಳ ನಡುವೆ ಓಡಾಡಿ ಸಂಬಂಧ ಕುದುರಿಸಿ, ಮದುವೆಯೂಟ ಮುಗಿದ ಮೇಲೆ ತಾನು ಬಂದ ಹಾಗೆಯೇ ಮನೆಗೆ ಹೊರಡುವ ಹಿರಿಯಮ್ಮನ ಹಾಗೆ.

ಅಮೆರಿಕದಲ್ಲಿ ನೆಲೆಸಿದ್ದ ಫ್ರೆಂಚ್ ಎಂಜಿನಿಯರ್ ಯೂಜೀನ್ ಹೌಡ್ರಿ 1950ರ ದಶಕದಲ್ಲಿಯೇ ಇಂಥದೊಂದನ್ನು ಮಾಡಿ ತೋರಿಸಿದ್ದರು. ಆದರೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಅದನ್ನು ಹಾಳುಮಾಡುತ್ತಿತ್ತು. ನಮ್ಮ ದೇಶದಲ್ಲಿ 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. 2000ದಲ್ಲಿ ದೇಶದ ಎಲ್ಲೆಡೆ ಸೀಸವಿಲ್ಲದ ಪೆಟ್ರೋಲ್ ಬಂತು. 2020ರ ಏಪ್ರಿಲಿನಿಂದ ಬಿಎಸ್-6 ಎಂಬ ಬಿಗಿ ನಿಯಮ. ಮಹಾನಗರಗಳಿಂದ ನಮ್ಮ ಹುಳಿಯಾರಿನ ಸಂತೆಯವರೆಗೆ ಆ ಗೂಡು ಬಂದು ತಲುಪಲು ಇಷ್ಟು ವರ್ಷ ಹಿಡಿಯಿತು. ಅದನ್ನು ಕತ್ತರಿಸಿ ತೆಗೆಯಲು ಅರ್ಧ ಗಂಟೆ ಸಾಕು.

ಯಾಕೆ ತೆಗೆಯುತ್ತಾರೆ? ಕೆಲವರಿಗೆ ಗಾಡಿ ಗುಡುಗಬೇಕು. ಇಂಥವರಲ್ಲಿ ಎರಡು ಬಗೆ. ಮೊದಲನೆಯವರು ಕ್ಯಾಟನ್ನೂ ಅದರ ಹಿಂದುಮುಂದಿನ ಆಮ್ಲಜನಕದ ಸೆನ್ಸರುಗಳನ್ನೂ ಮುಟ್ಟದೆ, ಕಟ್ಟಕಡೆಯ ಡಬ್ಬಿಯನ್ನಷ್ಟೇ ಬದಲಿಸುತ್ತಾರೆ. ಸದ್ದು ಹೆಚ್ಚುತ್ತದೆ, ಹೊಗೆಯ ಗುಣ ಕೆಡುವುದಿಲ್ಲ. ಎರಡನೆಯವರು ಕ್ಯಾಟನ್ನೇ ಕಿತ್ತು ಬರೀ ಕೊಳವೆ ಇಡಿಸುತ್ತಾರೆ. ಕಾನೂನು ಎರಡನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಆದರೆ ಸಿಕ್ಕಿಬೀಳುವವರು ಹೆಚ್ಚಾಗಿ ಸದ್ದಿನವರು. ಬೆಂಗಳೂರು, ಶಿವಮೊಗ್ಗಗಳಲ್ಲಿ ಪೊಲೀಸರು ಬುಲೆಟ್ಟುಗಳಿಂದ ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಸದ್ದು ತನ್ನ ಮೇಲೆ ತಾನೇ ಚಾಡಿ ಹೇಳಿಕೊಳ್ಳುತ್ತದೆ. ವಾಸನೆಯಿಲ್ಲದ ವಿಷ ಹೇಳುವುದಿಲ್ಲ. ಹೀಗಾಗಿ ಕಿವಿಗೆ ಕಿರಿಕಿರಿ ಮಾಡಿದವನು ದಂಡ ಕಟ್ಟುತ್ತಾನೆ, ಉಸಿರಿಗೆ ತೊಂದರೆ ಮಾಡಿದವನು ಸದ್ದಿಲ್ಲದೆ ಮುಂದೆ ಹೋಗುತ್ತಾನೆ.

ಶೋಕಿಗಾಗಿ ತೆಗೆಸುವವರ ವಿಷಯದಲ್ಲಿ ತೀರ್ಪು ಕೊಡುವುದು ಸುಲಭ. ಅವರನ್ನು ಬೈದು ನಾವು ನೀವು ನೆಮ್ಮದಿಯಾಗಿ ಕಾಫಿ ಕುಡಿಯಬಹುದು. ನನ್ನನ್ನು ನಿದ್ದೆಗೆಡಿಸಿದ್ದು ಬೇರೆ ಸಂಗತಿ.

ಆ ಲೋಹಗಳ ಬೆಲೆಗಾಗಿ ಕ್ಯಾಟ್ ಕದಿಯುವವರಿದ್ದಾರೆ. ದೆಹಲಿ, ಮುಂಬೈ, ಗುಜರಾತಿನ ಕಡೆ ಮಾರುತಿ ಇಕೋ ವ್ಯಾನುಗಳ ಸೈಲೆನ್ಸರ್ ಬಿಚ್ಚಿಕೊಂಡು ಹೋಗುವ ಗುಂಪುಗಳನ್ನು ಪೊಲೀಸರು ಹಿಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಅದು ದೂರದ ಸುದ್ದಿ ಎಂದುಕೊಂಡಿದ್ದೆ. ಕಳೆದ ಆಷಾಢದಲ್ಲಿ ನಮ್ಮ ಬೀದಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹುಡುಗನ ವ್ಯಾನಿಗೂ ಅದೇ ಆಯಿತು. ರಾತ್ರಿ ಮನೆಯ ಮುಂದೆ ನಿಲ್ಲಿಸಿದ್ದ ಗಾಡಿ ಬೆಳಗ್ಗೆ ಕೀಲಿ ತಿರುಗಿಸಿದರೆ ಟ್ರ್ಯಾಕ್ಟರಿನ ಹಾಗೆ ಅಬ್ಬರಿಸಿತು. ಬಗ್ಗಿ ನೋಡಿದರೆ ಕೆಳಗೆ ಕೊಳವೆಯೇ ಇಲ್ಲ. ಕಂಪನಿಯ ಹೊಸ ಭಾಗಕ್ಕೆ ಹತ್ತಾರು ಸಾವಿರ. ಅವನು ಮಾಡಿಸಿದ್ದುದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅದರಿಂದ ಒಂದು ರೂಪಾಯಿಯೂ ಬರುವಂತಿರಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಬರೀ ಕೊಳವೆ ಇಟ್ಟು ಕೊಡಲು ಅದರ ಹತ್ತರಲ್ಲೊಂದು ಪಾಲೂ ಆಗದು. ಸೆನ್ಸರ್ ತಕರಾರು ಮಾಡಿ ಮೀಟರಿನಲ್ಲಿ ದೀಪ ಹತ್ತಿದರೆ, ಅದನ್ನು ಹೊಗೆಯಿಂದ ಸ್ವಲ್ಪ ದೂರ ಹಿಡಿದು ಸುಮ್ಮನಾಗಿಸುವ ಸಣ್ಣ ತುಂಡೊಂದೂ ಸಿಗುತ್ತದಂತೆ.

ನನ್ನ ಮೊಮ್ಮಗಳು ಅವನ ವ್ಯಾನಿನಲ್ಲಿಯೇ ಹೋಗುವುದು. ಎರಡು ದಿನ ರಜೆ ಕೇಳಲು ಬಂದವನು ಹೇಳಿದ: “ಬರೀ ಪೈಪ್ ಹಾಕಿಸ್ಕಂಡು ಓಡಿಸ್ತೀನಿ ಕಣಕ್ಕ. ಗಾಡಿಗೇನೂ ಆಗಲ್ವಂತೆ. ನನ್ ಒಂದ್ ಗಾಡಿಯಿಂದ ಯಾರ್ಗೆ ಏನ್ ನಷ್ಟ, ನೀವೇ ಹೇಳಿ?”

ಒಳ್ಳೆಯ ಪ್ರಶ್ನೆ. ಕಳವಾಗಿದ್ದು ಅವನ ದುಡ್ಡಿನ ವಸ್ತು. ಕದ್ದವನು ಬೇರೆ. ಅದನ್ನು ತಿರುಗಿ ಕೊಂಡರೆ ಅವನಿಗೆ ಲಾಭವಿಲ್ಲ, ಕೊಳ್ಳದಿದ್ದರೆ ಅವನಿಗೆ ಕಾಣುವ ನಷ್ಟವಿಲ್ಲ. ಹಾಗಿದ್ದ ಮೇಲೆ ಅವನು ಯಾರಿಗೆ ಋಣಿ?

ಹಾಲಿನ ಕೊಳದ ಕಥೆ ನಮಗೆಲ್ಲ ಗೊತ್ತು. ಮನೆಗೊಂದು ಚೊಂಬು ಹಾಲು ತಂದು ಕೊಳ ತುಂಬಿಸಿ ಎಂದು ರಾಜ ಡಂಗುರ ಹೊಡೆಸುತ್ತಾನೆ. ಅಷ್ಟು ಹಾಲಿನಲ್ಲಿ ತನ್ನದೊಂದು ಚೊಂಬು ನೀರು ಯಾರಿಗೆ ತಿಳಿದೀತು ಎಂದು ಪ್ರತಿಯೊಬ್ಬರೂ ಕತ್ತಲಲ್ಲಿ ನೀರು ಸುರಿದು ಬರುತ್ತಾರೆ. ಬೆಳಗಾದಾಗ ಕೊಳದ ತುಂಬ ನೀರು. ಆ ಊರಿನವರು ಒಂದು ರೀತಿಯಲ್ಲಿ ಅದೃಷ್ಟವಂತರು, ಅವರಿಗೆ ಬೆಳಗಾಯಿತು. ಗಾಳಿಯ ವಿಷಯದಲ್ಲಿ ಬೆಳಗಾಗುವುದಿಲ್ಲ. ಯಾವ ಮಗುವಿನ ಕೆಮ್ಮು ಯಾವ ಗಾಡಿಯ ಹೊಗೆಯಿಂದ ಬಂತು ಎಂದು ಯಾವ ಡಾಕ್ಟರೂ ಬರೆದುಕೊಡಲಾರರು. ನೊಂದವರ ಹೆಸರು ಗೊತ್ತಿಲ್ಲದ ಮಾತ್ರಕ್ಕೆ ನೊಂದವರೇ ಇಲ್ಲ ಎನ್ನಲಾದೀತೆ? ಬಸ್ ನಿಲ್ದಾಣದ ಮುಂದೆ ಒಂದು ಗಳಿಗೆ ನಿಂತು ನೋಡಿ. ಹಿರಿಯೂರು, ಶಿರಾ, ಚಿಕ್ಕನಾಯಕನಹಳ್ಳಿ ಎಂದು ನಾಲ್ಕೂ ಕಡೆಯ ಗಾಡಿಗಳು ಹೊಗೆ ಬಿಡುತ್ತ ನಿಂತಿರುತ್ತವೆ. ಆ ಕೊಳವೆಗಳು ದೊಡ್ಡವರ ಮೊಣಕಾಲಿನ ಎತ್ತರಕ್ಕೆ ಇವೆ. ಅಂದರೆ ಕೈಹಿಡಿದು ನಡೆಯುವ ಮಗುವಿನ ಮೂಗಿಗೆ ನಮ್ಮ ಮೂಗಿಗಿಂತ ಹತ್ತಿರ. ಹೂವು ಕಟ್ಟುತ್ತ ನೆಲದ ಮೇಲೆ ಕುಳಿತವಳಿಗೂ ಅಷ್ಟೇ.

“ಎಮಿಷನ್ ಟೆಸ್ಟ್ ಪಾಸಾದರೆ ಆಯಿತಲ್ಲ” ಎನ್ನುವವರೂ ಇದ್ದಾರೆ. ಆ ಪರೀಕ್ಷೆಯಲ್ಲಿ ಪೆಟ್ರೋಲ್ ಗಾಡಿಯನ್ನು ನಿಂತಲ್ಲೇ ಓಡಿಸಿ ಕಾರ್ಬನ್ ಮಾನಾಕ್ಸೈಡನ್ನೂ ಪೆಟ್ರೋಲ್ ಆವಿಯನ್ನೂ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಪರೀಕ್ಷೆ ಕೇಳದ ಪ್ರಶ್ನೆಗೆ ಉತ್ತರ ಹೇಳಬೇಕಿಲ್ಲ ಎನ್ನುವುದಾದರೆ ಅದಕ್ಕೆ ದೊಡ್ಡವರದೇ ಮೇಲ್ಪಂಕ್ತಿ ಇದೆ. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ ಒಂದು ತಂತ್ರಾಂಶ ಇಟ್ಟಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದ ಕೂಡಲೇ ಕಾರು ಸಭ್ಯವಾಗುತ್ತಿತ್ತು, ರಸ್ತೆಗೆ ಬಂದರೆ ಮಿತಿಯ ನಲವತ್ತು ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಬಿಡುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್ಕಾರ ಇದನ್ನು ಬಯಲಿಗೆಳೆದಾಗ ಲೆಕ್ಕಕ್ಕೆ ಬಂದ ಕಾರುಗಳು ಪ್ರಪಂಚದಾದ್ಯಂತ ಸುಮಾರು 1 ಕೋಟಿ 10 ಲಕ್ಷ. ಗುಟ್ಟಿನ ಎಳೆ ಮೊದಲು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡಕ್ಕೆ. ಕಾರಿನ ಡಿಕ್ಕಿಯಲ್ಲಿಯೇ ಅಳತೆಯ ಯಂತ್ರ ಇಟ್ಟುಕೊಂಡು ಅವರು ನಿಜವಾದ ರಸ್ತೆಗಳಲ್ಲಿ ಓಡಿಸಿ ನೋಡಿದರು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಎಂಬ ಎಂಜಿನಿಯರೂ ಇದ್ದರು. ಕೋಟಿ ಕಾರಿನ ಕಂಪನಿ ಮಾಡಿದ ಮೋಸಕ್ಕೂ ವೆಲ್ಡಿಂಗ್ ಅಂಗಡಿಯ ಆ ಸಣ್ಣ ತುಂಡಿಗೂ ಗಾತ್ರದಲ್ಲಿ ಆನೆ ಇರುವೆಗಳ ಅಂತರ. ಆದರೂ ಎರಡೂ ಮಾಡುವ ಕೆಲಸ ಒಂದೇ, ಕಾವಲಿಗೆಂದು ಇಟ್ಟ ಕಣ್ಣಿಗೆ ಸುಳ್ಳು ತೋರಿಸುವುದು.

ಹೊಗೆಯನ್ನು ಬೇರೆಯವರ ಪಾಲಿಗೆ ಬಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಕಡೆ ಆ ದಟ್ಟ ಹೊಗೆ ಅಕ್ಕಪಕ್ಕದ ತೋಟದ ಮನೆಗಳ ಮೇಲೆ ಇಳಿಯುತ್ತದೆ. ಅದೇ ಇದ್ದಿಲನ್ನು ಕಾರ್ಖಾನೆಯಲ್ಲಿ ಹದಗೊಳಿಸಿದರೆ ನೀರಿನ ಫಿಲ್ಟರಿನೊಳಗಿನ ಕಪ್ಪು ಪುಡಿಯಾಗುತ್ತದೆ. ಎಲ್ಲೋ ಯಾರೋ ಶುದ್ಧ ನೀರು ಕುಡಿಯುತ್ತಾರೆ, ಕೆಮ್ಮು ಇಲ್ಲಿ ಉಳಿಯುತ್ತದೆ. ಇನ್ನು ನಾವು ಹೆಂಗಸರು? ಸೌದೆ, ಗರಿ, ಮಟ್ಟೆಯ ಒಲೆಯ ಮುಂದೆ ನಮ್ಮ ತಾಯಂದಿರು ತಿಂದ ಹೊಗೆಗೆ ಲೆಕ್ಕ ಇಟ್ಟವರಿಲ್ಲ. ಊಟ ಮನೆಯವರೆಲ್ಲರದು, ಹೊಗೆ ಒಬ್ಬಳದು. ಹಾಗಾಗಿ ಇನ್ನೊಬ್ಬರ ಅನುಕೂಲದ ಹೊಗೆ ಕುಡಿಯುವುದೆಂದರೇನು ಎಂದು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ ಯಾಕೆ ಕಡ್ಡಾಯ ಮಾಡಿತು ಎಂದು ಯೋಚಿಸಿದ್ದೀರಾ? ನಿನ್ನ ಗಾಡಿಗೆ ಆದ ಪೆಟ್ಟನ್ನು ನೀನು ಹೇಗಾದರೂ ಭರಿಸಿಕೋ, ರಸ್ತೆಯಲ್ಲಿ ನಿನ್ನಿಂದ ಇನ್ನೊಬ್ಬರಿಗೆ ಆಗುವ ಪೆಟ್ಟಿಗೆ ಮೊದಲೇ ಏರ್ಪಾಡು ಮಾಡಿ ಬಾ, ಎನ್ನುವುದು ಅದರ ಅರ್ಥ. ಕ್ಯಾಟ್ ಕೂಡ ಅಂಥದೇ ಮೂರನೆಯವರ ಪಾಲು. ಅದನ್ನು ಮಾಲೀಕ ಕೊಂಡಿರಬಹುದು, ಆದರೆ ಅದು ಅವನೊಬ್ಬನ ಸ್ವತ್ತಲ್ಲ. ಕಳ್ಳ ಆ ರಾತ್ರಿ ಕದ್ದಿದ್ದು ವ್ಯಾನಿನ ಹುಡುಗನಿಂದ ಮಾತ್ರವಲ್ಲ, ಬಸ್ ನಿಲ್ದಾಣದ ಹೂವಿನವಳಿಂದಲೂ.

ಇಷ್ಟು ತಿಳಿದ ಮೇಲೆ ಆ ಹುಡುಗನಿಗೆ, “ಬರೀ ಪೈಪ್ ಹಾಕಿಸಬೇಡ ಕಣಪ್ಪ, ಅದು ಅಧರ್ಮ” ಎಂದು ಹೇಳಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಸಾಲ ಮಾಡಿ ಗಾಡಿ ಕೊಂಡವನಿಗೆ ಧರ್ಮವನ್ನು ಬಿಟ್ಟಿಯಾಗಿ ಬೋಧಿಸುವುದೂ ಒಂದು ಬಗೆಯ ಬರೀ ಕೊಳವೆಯೇ. ಅವನ ಕೆಲಸ ಇಲ್ಲದಿದ್ದರೆ ನಾವು ದಿನಕ್ಕೆ ಎರಡು ಸಲ ಶಾಲೆಗೆ ನಡೆಯಬೇಕು. ತಿಂಗಳ ಬಾಡಿಗೆಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡಿ, ಗಾಳಿ ಕೆಡಿಸಬೇಡ ಎಂದು ಅವನಿಗೆ ಹೇಳುವ ಅಧಿಕಾರ ನಮಗೆ ಎಲ್ಲಿಂದ ಬರಬೇಕು? ಕರ್ತವ್ಯ ಅವನದು, ನಿಜ. ಖರ್ಚು ಅವನೊಬ್ಬನದೇ ಎನ್ನುವುದು ನ್ಯಾಯವಲ್ಲ.

ಅವನ ವ್ಯಾನಿಗೆ ಮಕ್ಕಳನ್ನು ಕಳಿಸುವ ಹನ್ನೊಂದು ಮನೆಯವರು ಒಂದು ಸಂಜೆ ಸೇರಿದೆವು. ಭಾಗ ಹಾಕಿಸಲು ಅವನು ಅರ್ಧ ಹಾಕುವುದು, ಉಳಿದರ್ಧಕ್ಕೆ ಒಂದು ವರ್ಷ ಪ್ರತಿ ಮನೆಯೂ ತಿಂಗಳ ಬಾಡಿಗೆಯ ಮೇಲೆ ಇಷ್ಟು ಎಂದು ಕೊಡುವುದು. “ಕಳುವಾಗಿದ್ದು ಅವನ ಗಾಡಿ. ನಾವ್ಯಾಕೆ ಕೊಡ್ಬೇಕು?” ಎಂದು ಒಬ್ಬಾಕೆ ಕೇಳಿದರು. ಜಗಳಗಂಟಿಯಲ್ಲ; ಕೊಬ್ಬರಿ ರೇಟು ಬಿದ್ದ ವರ್ಷ ಅಟ್ಟದ ಕಾಯಿ ಮಾರಲಾರದೆ ಚೀಟಿ ಕಟ್ಟಿದವರು. ಅವರಿಗೆ ನಾನು ವಿಜ್ಞಾನ ಹೇಳಲಿಲ್ಲ. “ಬೆಳಗ್ಗೆ ವ್ಯಾನ್ ಸ್ಟಾರ್ಟ್ ಆಗೋವಾಗ ಅದರ ಹಿಂದೆ ಬ್ಯಾಗ್ ಹಾಕ್ಕೊಂಡು ನಿಂತಿರೋರು ಯಾರ ಮಕ್ಕಳು?” ಎಂದಷ್ಟೇ ಕೇಳಿದೆ. ಒಂಬತ್ತು ಮನೆಯವರು ಒಪ್ಪಿದರು. ಆಕೆ ಒಪ್ಪಲಿಲ್ಲ, ಇನ್ನೊಂದು ಮನೆಯವರೂ ಒಪ್ಪಲಿಲ್ಲ. ಅವರ ಮಕ್ಕಳೂ ಅದೇ ವ್ಯಾನಿನಲ್ಲಿ ಹೋಗಿ ಬರುತ್ತವೆ. ಬಿಡಿ, ಗಾಳಿಯಲ್ಲಿ ದುಡ್ಡು ಕೊಟ್ಟವರದು ಕೊಡದವರದು ಎಂದು ಗೆರೆ ಎಳೆಯಲಾಗುವುದಿಲ್ಲ. ಅದು ಅದರ ತೊಂದರೆ, ಅದರ ದೊಡ್ಡತನವೂ ಅದೇ.

ಆ ಮಕ್ಕಳಿಗೆ ಇದಾವುದೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕೆಮ್ಮದೆ ಕಳೆದ ಬೆಳಗ್ಗೆಗೆ ಯಾರೂ ಯಾರಿಗೂ ವಂದನೆ ಹೇಳುವುದಿಲ್ಲ. ಮನೆಯ ಕೆಲಸದಲ್ಲಿ ಬಹುಪಾಲು ಹೀಗೆಯೇ ಅಲ್ಲವೆ? ಕೆಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ, ಸರಿಯಾಗಿದ್ದಾಗ ಯಾರ ಗಮನಕ್ಕೂ ಬರುವುದಿಲ್ಲ. ಅಂಥ ಕೆಲಸವನ್ನು ದಿನವೂ ಮಾಡುತ್ತ ಬಂದವರಿಗೆ, ಹೆಸರು ಗೊತ್ತಿಲ್ಲದವರ ಪಾಲನ್ನು ಎತ್ತಿಡುವುದು ತೀರ ಅಪರಿಚಿತವಾದ ಧರ್ಮವೇನಲ್ಲ ಎಂದು ನನಗನ್ನಿಸುತ್ತದೆ.