ಮೊಟ್ಟೆ ಬುರ್ಜಿಯ ರಾಗ

ಬಿಇ ಮೊದಲ ವರ್ಷ. ಊರು ಬಿಟ್ಟು ಹದಿನೈದು ದಿನ ಆಗಿತ್ತು ಅಷ್ಟೆ. ಹಾಸ್ಟೆಲ್ಲಿನಲ್ಲಿ ರೂಮ್‌ಮೇಟ್ ತನ್ನ ಕಂಪ್ಯೂಟರಿನಲ್ಲಿ ಯಾವುದೋ ಗಿಟಾರ್ ಹಾಕಿದ. ಹಾಡುವವರಿಲ್ಲ, ಡ್ರಮ್ಸ್ ಇಲ್ಲ, ಬರೀ ಆರು ತಂತಿ. ನಾನು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟು ಕೇಳಿದೆ. ಬಸ್‌ಸ್ಟಾಪಿನಲ್ಲಿ ನನ್ನನ್ನು ಹತ್ತಿಸಿ, ಬಸ್ಸು ತಿರುವು ದಾಟುವವರೆಗೂ ನಿಂತೇ ಇದ್ದ ಅಮ್ಮ ನೆನಪಾದಳು.

"ಯೆಸ್ಟರ್‌ಡೇ ಮಗಾ, ಬೀಟಲ್ಸ್‌ದು. ಗೊತ್ತಲ್ಲ?" ಅಂದ.

"ಗೊತ್ತಿಲ್ದೆ ಏನು? ನನ್ ಫೇವರಿಟ್" ಅಂದೆ.

ಹಸೀ ಸುಳ್ಳು. ಕನ್ನಡ ಮೀಡಿಯಂನಿಂದ ಬಂದ ನನಗೆ ಬೀಟಲ್ ಅಂದ್ರೆ ಗೊತ್ತಿದ್ದದ್ದು ಒಂದು ಜಾತಿಯ ಹುಳ ಮಾತ್ರ. ಆಮೇಲೆ ಗುಟ್ಟಾಗಿ ಸಾಹಿತ್ಯ ಹುಡುಕಿ ಓದಿದೆ. ಗೆಳತಿ ಬಿಟ್ಟು ಹೋದವನೊಬ್ಬನ ಅಳಲು ಅದು. ಅಮ್ಮನೂ ಇಲ್ಲ, ಬಸ್ಸೂ ಇಲ್ಲ. ನಾನು ಹಾಡನ್ನೇ ತಪ್ಪಾಗಿ ಕೇಳಿಸಿಕೊಂಡೆ ಅಂತ ನಾಚಿಕೆಯಾಯ್ತು. ಆ ಪ್ರಶ್ನೆ ಬಹಳ ವರ್ಷ ಜೊತೆಗಿತ್ತು: ಮಾತು ಗೊತ್ತಿಲ್ಲದೆ ಹಾಡನ್ನು ಇಷ್ಟಪಟ್ಟವನು ನಿಜಕ್ಕೂ ಇಷ್ಟಪಟ್ಟದ್ದು ಏನನ್ನು?

ಈ ಹಾಡಿನ ಕತೆ ಓದಿದ ಮೇಲೆ ಸ್ವಲ್ಪ ಸಮಾಧಾನವಾಯ್ತು. ಪಾಲ್ ಮೆಕಾರ್ಟ್ನಿಗೆ ಒಂದು ಬೆಳಿಗ್ಗೆ ಏಳುವಾಗ ಈ ರಾಗ ತಲೆಯಲ್ಲಿತ್ತಂತೆ. ಇದು ಬೇರೆ ಯಾರದ್ದೋ ಇರಬೇಕು ಅನ್ನುವ ಅನುಮಾನದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ. ಯಾರೂ ನಮ್ಮದು ಅನ್ನಲಿಲ್ಲ. ಮಾತು ಇನ್ನೂ ಹುಟ್ಟಿರಲಿಲ್ಲ, ಅದಕ್ಕೇ ಸದ್ಯಕ್ಕೆ ಇರಲಿ ಅಂತ 'ಸ್ಕ್ರಾಂಬಲ್ಡ್ ಎಗ್ಸ್' ಅಂತ ಹಾಡಿಕೊಳ್ಳುತ್ತಿದ್ದ. ನಮ್ಮ ಭಾಷೆಯಲ್ಲಿ ಮೊಟ್ಟೆ ಬುರ್ಜಿ! ನಾವು ಸ್ಕ್ರೀನ್ ಡಿಸೈನ್ ಮಾಡುವಾಗ ಡಮ್ಮಿ ಟೆಕ್ಸ್ಟ್ ತುಂಬುತ್ತೀವಲ್ಲ, ಹಾಗೆ. 1965ರಲ್ಲಿ ರೆಕಾರ್ಡ್ ಆಗುವ ಹೊತ್ತಿಗೆ ಆ ಜಾಗಕ್ಕೆ ವಿರಹ ಬಂತು.

ಅಂದರೆ ಗಿಟಾರಿಸ್ಟ್ ಈ ಹಾಡಿನಿಂದ ಮಾತು ಕಿತ್ತುಕೊಂಡಿಲ್ಲ, ರಾಗವನ್ನು ಅದರ ಮೊದಲ ಸ್ಥಿತಿಗೆ ಬಿಟ್ಟಿದ್ದಾನೆ. ಜಪಾನಿನ ಸಂಯೋಜಕ ತೋರು ತಕೆಮಿತ್ಸು 1977ರಲ್ಲಿ ಗಿಟಾರಿಗೆಂದು 12 ಹಾಡುಗಳನ್ನು ಹೊಂದಿಸಿದ, ಅದರಲ್ಲಿ ಯೆಸ್ಟರ್‌ಡೇ ಕೂಡ ಇದೆ. ಯುದ್ಧಕಾಲದಲ್ಲಿ, 14 ವರ್ಷದ ಹುಡುಗನಾಗಿ ಸೈನ್ಯದ ದುಡಿಮೆಗೆ ಹೋಗಿದ್ದಾಗ, ಯಾರೋ ಕದ್ದುಮುಚ್ಚಿ ಹಾಕಿದ ಫ್ರೆಂಚ್ ಹಾಡಿನ ರೆಕಾರ್ಡ್ ಕೇಳಿ ಸಂಗೀತದ ಕಡೆ ತಿರುಗಿದವನು ಆತ. ಪರಭಾಷೆಯ ಹಾಡು ಮನುಷ್ಯನಿಗೆ ಏನು ಮಾಡುತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಂತ 'ಸಂಗೀತಕ್ಕೆ ಭಾಷೆ ಇಲ್ಲ' ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಇದನ್ನೇ ಕೇಳಿಸಿದೆ. ಅವಳು ಹೂ ಕಟ್ಟುತ್ತಾ ಕೇಳಿ, "ಕೂಸು ಮಲಗಿಸೋ ಹಾಡೇನೋ?" ಅಂದಳು.

ಅದೂ ತಪ್ಪಲ್ಲ. ನನಗೆ ಬಸ್‌ಸ್ಟಾಪು, ಅವಳಿಗೆ ತೊಟ್ಟಿಲು. ಗಿಟಾರಿನ ತಂತಿ ಮೀಟಿದ ಕ್ಷಣದಿಂದಲೇ ಸ್ವರ ಕರಗುತ್ತಾ ಹೋಗುತ್ತದೆ. ಗಾಯಕ ಉಸಿರಿರುವಷ್ಟು ಹೊತ್ತು ಹಿಡಿದಿಡಬಲ್ಲ, ಗಿಟಾರು ಹಿಡಿಯಲಾರದು. ಆ ಖಾಲಿ ಜಾಗದಲ್ಲಿ ನಾವು ನಮ್ಮ ನಮ್ಮದನ್ನು ತಂದು ಕೂರಿಸುತ್ತೇವೆ. ಸುಖ ಅಲ್ಲೇ ಇದೆ, ಅಪಾಯವೂ ಅಲ್ಲೇ. ಮಾತಿಲ್ಲದಾಗ ನನಗೆ ಕೇಳುವುದು ನನ್ನ ದುಃಖ ಮಾತ್ರ. ಮಾತು ಬಂದಾಗ ಇನ್ನೊಬ್ಬ ಎದುರು ಬಂದು ಕೂರುತ್ತಾನೆ, ಅವನದ್ದಕ್ಕೂ ಕಿವಿ ಕೊಡಬೇಕಾಗುತ್ತದೆ. ರಾಗ ನಮ್ಮನ್ನು ಒಳಗೆ ಕರೆಯುತ್ತೆ, ಮಾತು 'ಸ್ವಲ್ಪ ಸರಿದು ಕೂತ್ಕೋ, ಜಾಗ ಬಿಡು' ಅನ್ನುತ್ತೆ. ಎರಡೂ ಬೇಕು.

ಹಾಸ್ಟೆಲ್ಲಿನಲ್ಲಿ ನಾನು ಹಾಡನ್ನು ತಪ್ಪಾಗಿ ಕೇಳಿರಲಿಲ್ಲ ಅಂತ ಈಗ ಅನಿಸುತ್ತೆ. ತಪ್ಪಿದ್ದದ್ದು ಆ ಸುಳ್ಳಿನಲ್ಲಿ. ಗೊತ್ತಿಲ್ಲ ಅಂದಿದ್ದರೆ ರೂಮ್‌ಮೇಟ್ ಅವತ್ತೇ ಅರ್ಥ ಹೇಳುತ್ತಿದ್ದ, ನಾನು ಅವನಿಗೆ ಬಸ್‌ಸ್ಟಾಪಿನ ಕತೆ ಹೇಳುತ್ತಿದ್ದೆನೇನೋ.

ಅಮ್ಮನಿಗೆ ಅರ್ಥ ಹೇಳಿದೆ. "ಗೆಳತಿ ಬಿಟ್ಟು ಹೋದ್ಲಂತೆ ಅಮ್ಮ, ಯಾಕೆ ಅಂತ ಅವನಿಗೇ ಗೊತ್ತಿಲ್ವಂತೆ."

"ಅಯ್ಯೋ ಪಾಪ" ಅಂದಳು. ಕೈಯಲ್ಲಿದ್ದ ಹೂವು ಕೆಳಗಿಟ್ಟಳು. "ನಂಗೆ ಗೊತ್ತೇ ಆಗ್ಲಿಲ್ಲ ನೋಡು. ಇನ್ನೊಂದ್ಸಲ ಹಾಕು."